ಬಹುಶಾಸ್ತ್ರ ಸಂಶೋಧನೆಯೂ ಮಲಪ್ರಭೆಯ ನಾಲ್ಕು ತಾಲೂಕುಗಳೂ

ಸಂಶೋಧನ ಸಂಸ್ಥೆಗಳು ನಾಡಿನಲ್ಲಿ ಬೇಕಾದಷ್ಟಾಗಿವೆ, ಇನ್ನು ಬೇಕಾದದ್ದು ಕೃತಿಯೇ ಹೊರತು ವಿಚಾರವಲ್ಲ, ಎಂಬ ಮಾತು ಸುಶಿಕ್ಷಿತರ ಸಭೆಗಳಲ್ಲಿ ಮೇಲಿಂದ ಮೇಲೆ ಕೇಳಬರುತ್ತಲಿದೆ. ಹಲವು ಶಾಸ್ತ್ರಗಳ ವಿದ್ವಾಂಸರು ಒಂದೆಡೆ ಕುಳಿತು, ಯಾವ ಇಲಾಖೆಯ ಹಂಗಿಗೂ ಒಳಗಾಗದೆ, ಈ ಪ್ರಾಂತದ ಗಂಟುಬಿದ್ದ ಪ್ರಶ್ನೆಗಳನ್ನು ಬಿಡಿಸುವಂಥ ಸ್ವತಂತ್ರ ಮಂದಿರವೊಂದು ಮಲಪ್ರಭೆಯ ದಂಡೆಯಲ್ಲಿ ಆಗಬೇಕೆಂದು ಯಾರಾದರೂ ಬಾಯಿದೆರೆದರೆ ಸಾಕು, ಸುತ್ತಲೂ ನಗೆಯೇಳುತ್ತದೆ. 'ಮೊದಲು ಕಾಲುವೆಯನ್ನು ದುರಸ್ತ ಮಾಡಿಸಿರಿ, ಆಮೇಲೆ ಶಾಸ್ತ್ರ' ಎಂದು ವ್ಯವಹಾರಸ್ಥರು. 'ಅಂಥ ಸಂಸ್ಥೆಗಳು ಬೆಂಗಳೂರಿನಲ್ಲಿ ಇವೆಯಷ್ಟೆ' ಎಂದು ಅಧಿಕಾರಸ್ಥರು. 'ಇದೆಲ್ಲ ಋಷಿಗಳಿಗೆ ಮೊದಲೇ ತಿಳಿದಿತ್ತು' ಎಂದು ಹಳೆಯ ಕ್ರಮದ ಪಂಡಿತರು. ಈ ಮಾತುಗಳಲ್ಲಿ ಒಂದಿಷ್ಟು ಹುರುಳು ಇಲ್ಲವೆಂದಲ್ಲ. ಆದರೆ ಇವುಗಳನ್ನು ನೆಚ್ಚಿ ಕುಳಿತದ್ದರಿಂದ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳು ಅರ್ಧ ಶತಮಾನದಿಂದ ಏನನ್ನು ಕಳೆದುಕೊಳ್ಳುತ್ತ ಬಂದಿವೆ ಎಂಬದನ್ನು ವಾಚಕರು ಶಾಂತಚಿತ್ತದಿಂದ ನೋಡತಕ್ಕದ್ದು.

ನಾಲ್ಕು ತಾಲೂಕುಗಳನ್ನೂ ಒಂದು ಸೂತ್ರದಲ್ಲಿ ಪೋಣಿಸಿದ್ದು ಮಲಪ್ರಭೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಈ ಹೊಳೆಯು ಕಿತ್ತೂರು ತಾಲೂಕಿನ ಎಂ. ಕೆ. ಹುಬ್ಬಳ್ಳಿಯನ್ನೂ ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯನ್ನೂ ಮುಟ್ಟಿ, ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಗುಡ್ಡವನ್ನು ಸೀಳಿ, ರಾಮದುರ್ಗವನ್ನು ಹಾಯ್ದು, ಕಡೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಹುಟ್ಟಿದಲ್ಲಿ ಮಲೆನಾಡಿನ ಜಡಿಮಳೆ. ಸವದತ್ತಿಗೆ ಬರುವಷ್ಟರಲ್ಲಿ ಬೆಳವಲದ ಬಿಸಿಲು. ನವಿಲುತೀರ್ಥದ ಆ ಸಂದಿಯಲ್ಲಿಯೇ ೧೯೭೨ರಲ್ಲಿ ಆಣೆಕಟ್ಟು ಪೂರ್ಣವಾಗಿ, ರೇಣುಕಾಸಾಗರವೆಂಬ ಜಲಾಶಯವು ನಿಂತಿತು. ಅದರ ಹೊಟ್ಟೆಯಲ್ಲಿ ಹಿಡಿಯುವ ನೀರು ೩೭.೭೩ ಟಿ.ಎಂ.ಸಿ.; ಅದರಿಂದ ನೀರುಣ್ಣಬೇಕಾದ ನೆಲ ಸುಮಾರು ಎರಡು ಲಕ್ಷ ಹೆಕ್ಟೇರು. ಬೆಳವಲದ ಒಕ್ಕಲಿಗನು ತಲೆಮಾರುಗಳಿಂದ ಕಂಡ ಕನಸು ಕಣ್ಣೆದುರಿಗೆ ನಿಂತಂತಾಯಿತು. ಅದೇ ೧೯೭೨ರಲ್ಲಿ ಧಾರವಾಡದ ಕೃಷಿವಿಜ್ಞಾನಿ ಬಿ. ಎಚ್. ಕಟರಕಿಯವರು 'ವರಲಕ್ಷ್ಮಿ' ಎಂಬ ಸಂಕರಜಾತಿಯ ಹತ್ತಿಯನ್ನು ಹೊರಗೆ ತಂದರು. ಆಣೆಕಟ್ಟು ಒಂದು ಶಾಸ್ತ್ರದ ಗೆಲವು. ಹತ್ತಿ ಇನ್ನೊಂದು ಶಾಸ್ತ್ರದ ಗೆಲವು. ಎರಡನ್ನೂ ನಿಂದಿಸುವವನು ಕೃತಘ್ನನೇ ಸರಿ.

ಆದರೆ ಮುಂದೆ ನಡೆದದ್ದೇನು? ಈ ಪ್ರಾಂತದ ಎರೆಭೂಮಿಯ ಗುಣವನ್ನು ಬಲ್ಲವರಿಗೆ ಅದನ್ನು ವಿವರಿಸಿ ಹೇಳಬೇಕಾದದ್ದಿಲ್ಲ. ಒಣಗಿದರೆ ಕಾಲು ಹೋಗುವಷ್ಟು ಬಿರಿಯುತ್ತದೆ. ನೆನೆದರೆ ಉಬ್ಬಿ, ಬಿರುಕುಗಳು ಮುಚ್ಚಿ, ನೀರನ್ನು ಕೆಳಗೆ ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳುತ್ತದೆ. ಈ ಹಿಡಿತದ ಬಲದಿಂದಲೇ ಮಳೆ ನಿಂತ ಮೇಲೆಯೂ ಹಿಂಗಾರಿಯ ಬಿಳಿಜೋಳ, ಗೋದಿ, ಕಡಲೆಗಳು ಬರಿಯ ಹಸಿಯ ಮೇಲೆ, ಇಬ್ಬನಿಯ ಮೇಲೆ ಬೆಳೆದು ಬರುತ್ತಿದ್ದವು. ಅಂಥ ನೆಲಕ್ಕೆ ಕಾಲುವೆಯ ನೀರನ್ನು ಹರಿಸಿ, ಹೆಚ್ಚಾದ ನೀರು ಹೊರಗೆ ಹೋಗಲಿಕ್ಕೆ ಬಸಿಗಾಲುವೆಗಳನ್ನು ಸಾಕಷ್ಟು ತೆಗೆಯದೆ ಬಿಟ್ಟರೆ, ಆ ನೀರು ಎಲ್ಲಿಗೆ ಹೋಗಬೇಕು? ಅದು ಬೇರಿನ ಬುಡದಲ್ಲಿಯೇ ನಿಲ್ಲುತ್ತದೆ. ಕೆಳಗಿನ ಉಪ್ಪನ್ನು ಕರಗಿಸಿಕೊಂಡು ಮೇಲಕ್ಕೇರುತ್ತದೆ. ನೀರು ಆವಿಯಾಗಿ ಹೋಗಿ, ಉಪ್ಪು ಮಾತ್ರ ನೆಲದ ಮೇಲೆ ಬೆಳ್ಳಗೆ ಉಳಿಯುತ್ತದೆ. ಒಕ್ಕಲಿಗರು ಇದಕ್ಕೆ ಸವಳು-ಜವಳು ಎನ್ನುತ್ತಾರೆ. ಸವಳು ಹತ್ತಿದ ಹೊಲದಲ್ಲಿ ಮೊದಲು ಕಡಲೆ ಹೋಗುತ್ತದೆ, ಆಮೇಲೆ ಗೋದಿ. ಕಡೆಗೆ ಜಾಲಿಯ ಹೊರತು ಇನ್ನೇನೂ ಏಳುವದಿಲ್ಲ. ಆಣೆಕಟ್ಟಿನ ಇಂಜಿನಿಯರರಿಗೆ ಕಲ್ಲಿನ ಭಾರ ಗೊತ್ತಿತ್ತು, ಮಣ್ಣಿನ ಹಸಿವು ಅವರ ವಿಷಯವಾಗಿರಲಿಲ್ಲ. ಮಣ್ಣಿನ ಶಾಸ್ತ್ರಜ್ಞರಿಗೆ ಮಣ್ಣು ಗೊತ್ತಿತ್ತು, ಕಾಲುವೆಯ ನಕಾಶೆಯು ಅವರ ಕೈಯೊಳಗಿರಲಿಲ್ಲ. ಹತ್ತಿಯ ಪಂಡಿತರು ಬೀಜವನ್ನು ಕೊಟ್ಟರು. ಆ ಬೀಜವು ಬೇಡುವ ಗೊಬ್ಬರಕ್ಕೆ, ಔಷಧಿಗೆ, ಸಾಲಕ್ಕೆ ಬೈಲಹೊಂಗಲದ ಪೇಟೆಯಲ್ಲಿ ಎಷ್ಟು ಬೆಲೆ ಬಂದರೆ ತೀರುವದೆಂಬ ಲೆಕ್ಕವು ಇನ್ನಾರದೋ ಆಗಿತ್ತು, ಅರ್ಥಾತ್ ಯಾರದೂ ಆಗಿರಲಿಲ್ಲ. ಇನ್ನು ಕಂದಾಯ ಇಲಾಖೆಯವರ ದಫ್ತರದಲ್ಲಿ ಕಾಲುವೆಯ ಗೆರೆಯಿತ್ತು. ಗೆರೆಯ ಕೆಳಗಿನ ಹೊಲವೆಲ್ಲ ನೀರಾವರಿಯೆಂದೇ ಅವರು ಬರೆದುಕೊಂಡರು.

ಈ ನಾಲ್ಕು ಅಜ್ಞಾನಗಳು ಕೂಡಿದ ದಿನವೇ ೧೯೮೦ರ ಜುಲೈ ೨೧. ಹತ್ತಿಯ ಬೆಲೆ ಇಳಿದಿತ್ತು. ಕಾಲುವೆಯ ತುದಿಯ ಹೊಲಗಳಿಗೆ ನೀರು ಮುಟ್ಟಿರಲಿಲ್ಲ, ಮೊದಲಿನ ಹೊಲಗಳಲ್ಲಿ ನೀರು ನಿಂತು ಕೆಟ್ಟಿತ್ತು. ಹೀಗಿರುತ್ತಿರಲು ನೀರಪಟ್ಟಿಯ ಬಾಕಿಯನ್ನೂ 'ಬೆಟರ್‌ಮೆಂಟ್ ಲೆವಿ' ಎಂಬ ಅಭಿವೃದ್ಧಿ ಕರವನ್ನೂ ಸರಕಾರವು ಕೇಳಿತು. ನೆರೆಯ ನರಗುಂದ ನವಲಗುಂದಗಳಲ್ಲಿ ರೈತರು ತಹಶೀಲ ಕಚೇರಿಗಳ ಮುಂದೆ ನೆರೆದರು. ಗೋಳೀಬಾರು ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಕರ್ನಾಟಕ ರಾಜ್ಯ ರೈತ ಸಂಘವು ಹುಟ್ಟಿದ್ದು ಆ ಕಿಚ್ಚಿನಿಂದ. ಇಂದಿಗೂ ಆ ತಿಥಿಯನ್ನು ರೈತ ಹುತಾತ್ಮರ ದಿನವೆಂದು ಆಚರಿಸುತ್ತಾರೆ. ಆ ಬಂಡಾಯವನ್ನು ಕುರಿತು ರಾಜಕೀಯದವರು ಬರೆದದ್ದು ಬಹಳ. ಆದರೆ ಅದು ಮಣ್ಣಿನ ಬಂಡಾಯವೂ ಆಗಿತ್ತು, ಬೀಜದ ಬಂಡಾಯವೂ ಆಗಿತ್ತು, ಲೆಕ್ಕದ ಬಂಡಾಯವೂ ಆಗಿತ್ತು ಎಂಬದನ್ನು ಒಂದೇ ಪುಸ್ತಕದಲ್ಲಿ, ಒಂದೇ ಸಂಸ್ಥೆಯಲ್ಲಿ ಕೂತು ಬರೆಯಬೇಕಾದವರು ಯಾರು?

'ಮೊದಲು ದುರಸ್ತ, ಆಮೇಲೆ ಶಾಸ್ತ್ರ' ಎನ್ನುವ ವ್ಯವಹಾರಸ್ಥರಿಗೆ ಇಷ್ಟೇ ಕೇಳತಕ್ಕದ್ದು: ಆ ದಿನ ಸತ್ತವರು ವಿಚಾರವು ಹೆಚ್ಚಾಗಿ ಸತ್ತರೋ, ಕೃತಿಯು ವಿಚಾರಕ್ಕಿಂತ ಮುಂದೆ ಓಡಿದ್ದರಿಂದ ಸತ್ತರೋ? ಕಾಲುವೆಗೆ ಕೊಟ್ಟ ಆತುರದ ನೂರನೆಯ ಒಂದು ಪಾಲನ್ನು ಬಸಿಗಾಲುವೆಯ ವಿಚಾರಕ್ಕೆ ಕೊಟ್ಟಿದ್ದರೆ, ಸವಳಿನ ಹೊಲಗಳನ್ನು ಈಗ ಮತ್ತೆ ತೊಳೆದು ತಿದ್ದುವ ವೆಚ್ಚವು ಬರುತ್ತಿರಲಿಲ್ಲ.

ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತೆಯೂ ಇಲ್ಲ. ಜಲಾಶಯವು ತುಂಬಿದ ವರುಷಗಳಿಗಿಂತ ತುಂಬದ ವರುಷಗಳೇ ಹೆಚ್ಚು. ನೀರು ಕಡಿಮೆಯಾದ ವರುಷ ಹುಬ್ಬಳ್ಳಿ ಧಾರವಾಡಗಳ ಕುಡಿಯುವ ನೀರನ್ನು ತೆಗೆದಿರಿಸಬೇಕಾಗುವದರಿಂದ ಕಾಲುವೆಗಳು ಬಣಗುಡುತ್ತವೆ. ಜಲಾಶಯವೇಕೆ ತುಂಬುವದಿಲ್ಲ? ಮಳೆ ಕಡಿಮೆಯಾಯಿತೆಂದು ಒಬ್ಬರು ಹೇಳುತ್ತಾರೆ. ಖಾನಾಪುರದ ಅಡವಿ ತೆಳ್ಳಗಾಯಿತೆಂದು ಮತ್ತೊಬ್ಬರು. ಹೂಳು ತುಂಬಿತೆಂದು ಮಗದೊಬ್ಬರು. ಮೇಲಿನ ಖಾನಾಪುರ, ಕಿತ್ತೂರು, ಬೈಲಹೊಂಗಲಗಳಲ್ಲಿ ಕಬ್ಬು ಹಬ್ಬಿ, ಕೊಳವೆಬಾವಿಗಳು ಹೆಚ್ಚಿ, ಹೊಳೆಗೆ ಬರತಕ್ಕ ನೀರು ದಾರಿಯಲ್ಲಿಯೇ ಕುಡಿಯಲ್ಪಡುತ್ತದೆಂದು ಬೇರೆಯವರು. ಆಣೆಯನ್ನು ಕಟ್ಟುವಾಗಲೇ ಬರುವ ನೀರನ್ನು ಹೆಚ್ಚಾಗಿ ಎಣಿಸಿದ್ದರೆಂದು ಇನ್ನೂ ಕೆಲವರು. ಇವರಲ್ಲಿ ಸುಳ್ಳು ಹೇಳುವವರು ಯಾರೂ ಇಲ್ಲ. ಆದರೆ ಯಾವ ಕಾರಣದ ಪಾಲು ಎಷ್ಟು ಎಂಬದನ್ನು ಎಲ್ಲರೂ ಒಪ್ಪುವಂತೆ ತೂಗಿ ಹೇಳತಕ್ಕ ತಕ್ಕಡಿಯೇ ಈ ಪ್ರಾಂತದಲ್ಲಿಲ್ಲ. ಆದಕಾರಣ ಪ್ರತಿಯೊಬ್ಬನೂ ತನಗೆ ಬೇಕಾದ ಕಾರಣವನ್ನು ಹಿಡಿದುಕೊಂಡು ಬೀದಿಗೆ ಇಳಿಯುತ್ತಾನೆ. ತೂಕ ತಪ್ಪಿದರೆ ಮದ್ದೂ ತಪ್ಪುತ್ತದೆ: ಹೂಳು ತೆಗೆಯಬೇಕಾದಲ್ಲಿ ವ್ಯಾಜ್ಯ ಹೂಡುವದು, ಕಬ್ಬನ್ನು ಕುರಿತು ಮಾತಾಡಬೇಕಾದಲ್ಲಿ ಮಳೆರಾಯನನ್ನು ಬಯ್ಯುವದು.

ಮಹದಾಯಿಯ ವ್ಯಾಜ್ಯವನ್ನೇ ನೋಡಿರಿ. ೨೦೧೦ರಲ್ಲಿ ನೇಮಿಸಲ್ಪಟ್ಟ ನ್ಯಾಯಾಧಿಕರಣವು ೨೦೧೮ರ ಆಗಸ್ಟ್ ೧೪ರಂದು ತೀರ್ಪು ಕೊಟ್ಟಿತು. ಕರ್ನಾಟಕಕ್ಕೆ ಒಟ್ಟು ೧೩.೪೨ ಟಿ.ಎಂ.ಸಿ. ದೊರೆಯಿತು. ಅದರಲ್ಲಿ ಕಳಸಾ, ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ತಿರುಗಿಸಿಕೊಳ್ಳಲಿಕ್ಕೆ ಒಪ್ಪಿದ್ದು ೩.೯ ಟಿ.ಎಂ.ಸಿ. ಮಾತ್ರ. ಕನ್ನಡಿಗರು ತಮ್ಮ ಪಾಲನ್ನು ಕೇಳಿದ್ದು ನ್ಯಾಯವಾಗಿಯೇ ಇದೆ. ಅದರ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ೩೭ ಟಿ.ಎಂ.ಸಿ.ಯ ಪಾತ್ರೆಗೆ ಆ ೩.೯ ಬಂದು ಬಿದ್ದ ಮೇಲೆ ಸವದತ್ತಿಯ ತುದಿಗಾಲುವೆಯ ಹೊಲಕ್ಕೆ ಏನು ದೊರೆಯುವದು, ಕುಡಿಯುವ ನೀರಿನ ಪಾಲು ಹೋದ ಬಳಿಕ ಏನು ಉಳಿಯುವದು, ಎಂದು ಕೇಳಿದ ಕೂಡಲೆ ಕೇಳಿದವನನ್ನು ನಾಡದ್ರೋಹಿಯಂತೆ ನೋಡುತ್ತಾರೆ. ಸ್ವತಂತ್ರವಾದ ವಿದ್ವತ್ಪೀಠವೊಂದು ಇದ್ದಿದ್ದರೆ ಈ ಪ್ರಶ್ನೆಯನ್ನು ನಿರ್ಭಯವಾಗಿ ಕೇಳುವ ಬಾಯಿಯೊಂದು ಇರುತ್ತಿತ್ತು. ನೀರಿಗಾಗಿ ಯಾವ ಗೋವೆಯೊಡನೆ ವ್ಯಾಜ್ಯವೋ ಕೂಲಿಗಾಗಿ ಆ ಗೋವೆಗೇ ಬೆಳವಲದ ಮಕ್ಕಳು ಬಸ್ಸು ಹತ್ತಿ ಹೋಗುತ್ತಾರೆಂಬದನ್ನು ನ್ಯಾಯಾಧಿಕರಣದ ಯಾವ ಪುಟದಲ್ಲಿ ಹುಡುಕಬೇಕು?

ಅಷ್ಟರಲ್ಲಿ ೨೦೧೯ರ ಆಗಸ್ಟ್ ಬಂದಿತು. ವರುಷಗಟ್ಟಲೆ ಬರದಿಂದ ಕಂಗೆಟ್ಟ ಪ್ರಾಂತಕ್ಕೆ ಒಮ್ಮೆಲೆ ಪ್ರವಾಹ. ಜಲಾಶಯವು ತುಂಬಿ ಹೊರಚೆಲ್ಲಿತು. ಕೆಳಗಿನ ಮುನವಳ್ಳಿಯಿಂದ ರಾಮದುರ್ಗದವರೆಗೆ ಹೊಳೆಯ ಇಕ್ಕೆಲದ ಊರುಗಳು ನೀರಿನಲ್ಲಿ ನಿಂತವು. ರಾಮದುರ್ಗದ ನೇಕಾರರ ಮಗ್ಗದ ಕುಣಿಗಳಲ್ಲಿ ಹೊಳೆಯ ನೀರು ತುಂಬಿತೆಂದರೆ ನಷ್ಟದ ಬಗೆಯನ್ನು ವಾಚಕರೇ ಊಹಿಸಬಹುದು: ನೂಲೂ ಹೋಯಿತು, ಮಗ್ಗವೂ ಹೋಯಿತು, ಸಾಲ ಮಾತ್ರ ತೇಲಿ ಉಳಿಯಿತು. ನೀರು ಹರಿಯದ ವರುಷಗಳಲ್ಲಿ ಹೊಳೆಯ ಪಾತ್ರವು ಒತ್ತುವರಿಯಿಂದಲೂ ಜಾಲಿಮುಳ್ಳಿನಿಂದಲೂ ಇಕ್ಕಟ್ಟಾಗಿದ್ದದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೊಳೆ ಬತ್ತಿದಾಗ ಅದರ ನೆಲವು ಯಾರದು? ಇದು ಕಾಯಿದೆಯ ಪ್ರಶ್ನೆ. ಎಷ್ಟು ನೀರು ಯಾವಾಗ ಬಿಡಬೇಕು? ಇದು ಗಣಿತದ ಪ್ರಶ್ನೆ. ತಗ್ಗಿನ ಓಣಿಗಳಲ್ಲಿ ಯಾವ ಜನರು ವಾಸಿಸುತ್ತಾರೆ, ಏಕೆ? ಇದು ಸಮಾಜದ ಪ್ರಶ್ನೆ. ಮೂರೂ ಕೂಡಿದಲ್ಲದೆ ಪ್ರವಾಹದ ಪ್ರಶ್ನೆಗೆ ಉತ್ತರವಿಲ್ಲ.

ಇಲ್ಲಿ ಒಂದು ಆಕ್ಷೇಪವು ಬರುತ್ತದೆ, ಮತ್ತು ಅದು ಪ್ರಾಮಾಣಿಕವಾದದ್ದು. ಧಾರವಾಡವು ಕೂಗಳತೆಯ ದೂರದಲ್ಲಿಯೇ ಇದೆ; ಅಲ್ಲಿ ೧೯೪೯ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯ, ೧೯೮೬ರಿಂದ ಕೃಷಿ ವಿಶ್ವವಿದ್ಯಾಲಯ, ಅವುಗಳ ಜತೆಗೆ ಜಲ ಮತ್ತು ನೆಲ ನಿರ್ವಹಣೆಯ ಸಂಸ್ಥೆ, ಇವೆಲ್ಲ ಇರುವಾಗ ಹೊಸದೇಕೆ? ಉತ್ತರವೇನೆಂದರೆ, ಒಂದೇ ಊರಿನಲ್ಲಿ ನಾಲ್ಕು ಬಾವಿಗಳಿದ್ದ ಮಾತ್ರಕ್ಕೆ ಅವುಗಳ ನೀರು ಬೆರೆಯುವದಿಲ್ಲ. ಅಂಧಗಜನ್ಯಾಯವನ್ನು ಪಾಠಶಾಲೆಯ ಹುಡುಗರೂ ಬಲ್ಲರು: ಕುರುಡರಲ್ಲಿ ಒಬ್ಬನು ಕಂಬವೆಂದನು, ಒಬ್ಬನು ಮೊರವೆಂದನು. ಆ ದೃಷ್ಟಾಂತದಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಅಂಶವೆಂದರೆ, ಪ್ರತಿಯೊಬ್ಬ ಕುರುಡನೂ ತಾನು ಮುಟ್ಟಿದ ಮಟ್ಟಿಗೆ ಪರೀಕ್ಷಕನೇ ಆಗಿದ್ದನು. ಕೊರತೆಯಿದ್ದದ್ದು ಅವರ ಕೈಗಳಲ್ಲಿ ಅಲ್ಲ, ಅವರು ಒಬ್ಬರೊಡನೊಬ್ಬರು ಕುಳಿತು ಮಾತಾಡದೆ ಹೋದದ್ದರಲ್ಲಿ. ವಿಶ್ವವಿದ್ಯಾಲಯದ ವಿಭಾಗಗಳ ವ್ಯವಸ್ಥೆಯು ಆ ಸಂಭಾಷಣೆಯನ್ನು ನಿಷೇಧಿಸುವದಿಲ್ಲ. ಆದರೆ ಅದಕ್ಕೆ ಬಡ್ತಿಯನ್ನೂ ಕೊಡುವದಿಲ್ಲ.

ಧಾರವಾಡದಲ್ಲಿಯೇ ಈ ದಿಕ್ಕಿನಲ್ಲಿ ಆಗಿರುವ ಒಂದು ಒಳ್ಳೆಯ ಪ್ರಯತ್ನವನ್ನು ಇಲ್ಲಿ ಗೌರವದಿಂದ ನೆನೆಯಬೇಕು. ಬಹುಶಾಸ್ತ್ರೀಯ ಅಭಿವೃದ್ಧಿ ಸಂಶೋಧನ ಕೇಂದ್ರ, ಅಂದರೆ ಸಿ.ಎಂ.ಡಿ.ಆರ್. ಎಂದು ಜನರು ಕರೆಯುವ ಸಂಸ್ಥೆಯು ತನ್ನ ಹೆಸರಿನಲ್ಲಿಯೇ ಬಹುಶಾಸ್ತ್ರವನ್ನು ಧರಿಸಿದೆ. ಭಾರತೀಯ ಸಮಾಜವಿಜ್ಞಾನ ಸಂಶೋಧನ ಪರಿಷತ್ತಿನ ಮನ್ನಣೆಯೂ ಅದಕ್ಕಿದೆ. ಅದರ ಬೆಳವಣಿಗೆಯೊಡನೆ ಸಂಬಂಧವಿದ್ದ ಅರ್ಥಶಾಸ್ತ್ರಜ್ಞ ಡಿ. ಎಂ. ನಂಜುಂಡಪ್ಪನವರು ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಸಮಿತಿಯ ಅಧ್ಯಕ್ಷರಾಗಿ ೨೦೦೨ರಲ್ಲಿ ಕೊಟ್ಟ ವರದಿಯು ಕರ್ನಾಟಕದ ೧೭೫ ತಾಲೂಕುಗಳಲ್ಲಿ ೧೧೪ನ್ನು ಹಿಂದುಳಿದವೆಂದು ಎಣಿಸಿತು. ಮೂವತ್ತೈದು ಸೂಚಿಗಳನ್ನು ಕೂಡಿಸಿ ತಾಲೂಕನ್ನು ಅಳೆದ ಆ ಕ್ರಮವು ಬಹುಶಾಸ್ತ್ರದ ಮೊದಲ ಮೆಟ್ಟಲೇ ಸರಿ. ಅದರಿಂದ ಉತ್ತರ ಕರ್ನಾಟಕದ ಬಾಯಿಗೆ ಅಂಕಿಗಳ ಬಲ ಬಂದಿತು. ಆದರೆ ತಾಲೂಕೆಂಬದು ಮಾಮಲೇದಾರನ ಅನುಕೂಲಕ್ಕೆ ಎಳೆದ ಗೆರೆ. ಹೊಳೆಯು ಅದನ್ನು ಅರಿಯದು. ಕಿತ್ತೂರಿನ ಮೇಲ್ನೆಲದ ಕಬ್ಬಿಗೂ ರಾಮದುರ್ಗದ ಕೆಳಗಿನ ಒಣಹೊಲಕ್ಕೂ ಇರುವ ಸಂಬಂಧವು, ಎರಡು ತಾಲೂಕುಗಳನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆದ ಕೂಡಲೆ ಮಾಯವಾಗಿಬಿಡುತ್ತದೆ. ಮತ್ತು ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳ ಜಗಲಿಯ ಮೇಲೆ ಮಣ್ಣಿನವರನ್ನೂ ನೀರಿನವರನ್ನೂ ಕಾಯಿದೆಯವರನ್ನೂ ಸಮಾನ ಆಸನದಲ್ಲಿ ಕೂಡ್ರಿಸುವ ಕೆಲಸವು ಇನ್ನೂ ದೊಡ್ಡದಾಗಿ ಆಗಬೇಕಾಗಿದೆ.

ಇನ್ನು ಬೆಂಗಳೂರು. ವಿ. ಕೆ. ಆರ್. ವಿ. ರಾವ್ ಅವರು ೧೯೭೨ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯೂ, ಜೆ. ಆರ್. ಡಿ. ಟಾಟಾ ಅವರ ಸಂಕಲ್ಪದಿಂದ ೧೯೮೮ರಲ್ಲಿ ಹುಟ್ಟಿ ರಾಜಾ ರಾಮಣ್ಣನವರನ್ನು ಮೊದಲ ನಿರ್ದೇಶಕರನ್ನಾಗಿ ಪಡೆದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯೂ ದೇಶಕ್ಕೇ ಭೂಷಣಗಳು. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಮಲಪ್ರಭೆಯ ಮೇಲ್ಪಾತ್ರದ ಜಲಗಣಿತವನ್ನೂ ಮಾಡಿದ್ದಾರೆ. ಆದರೆ ಆ ಗಣಿತವೆಲ್ಲ ಇಂಗ್ಲಿಷ್ ಪತ್ರಿಕೆಗಳಲ್ಲಿ ಅಚ್ಚಾಗಿ, ಸಮುದ್ರದಾಚೆಯ ಓದುಗರನ್ನು ಮುಟ್ಟುತ್ತದೆ. ಮುನವಳ್ಳಿಯ ಒಕ್ಕಲಿಗನು ತನ್ನ ಹೊಲದ ಪ್ರಶ್ನೆಗೆ ಉತ್ತರವು ಎಲ್ಲಿಯೋ ಅಚ್ಚಾಗಿದೆಯೆಂಬ ಸುದ್ದಿಯನ್ನು ಸಹ ಕೇಳುವದಿಲ್ಲ. ವಿದ್ವಾಂಸರ ತಪ್ಪೆಂದು ಹೇಳಲಾಗದು. ನಾನೂರು ಕಿಲೋಮೀಟರು ದೂರದಿಂದ ಬಂದು, ಮಾದರಿಗಳನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗುವವರಿಗೆ ಅದಕ್ಕಿಂತ ಹೆಚ್ಚು ಮಾಡಲಿಕ್ಕೆ ಎಡೆಯಿಲ್ಲ. ಹಿಂಗಾರಿ ಬಿತ್ತಿಗೆಯ ಕಾಲಕ್ಕೂ ಇದ್ದು, ಕಟಾವಿನ ಕಾಲಕ್ಕೂ ಇದ್ದು, ಸಾಲದವರು ಬಾಗಿಲಿಗೆ ಬರುವ ಕಾಲಕ್ಕೂ ಇದ್ದವನಿಗೆ ಕಾಣುವದೇ ಬೇರೆ.

ಜಟಿಲ ಪ್ರಶ್ನೆಗಳನ್ನು ಬಿಡಿಸಲಿಕ್ಕೆ ಪ್ರಪಂಚದಲ್ಲಿಯೇ ಹೆಸರಾದ ಸ್ವತಂತ್ರ ಸಂಸ್ಥೆಯು ಇರುವದು ಅಮೇರಿಕೆಯ ನ್ಯೂಯಾರ್ಕಿನಲ್ಲಿ ಅಲ್ಲ, ವಾಷಿಂಗ್ಟನ್ನಿನಲ್ಲಿ ಅಲ್ಲ. ನ್ಯೂಮೆಕ್ಸಿಕೋದ ಒಣನಾಡಿನಲ್ಲಿ, ಸಾಂತಾ ಫೇ ಎಂಬ ಚಿಕ್ಕ ಪಟ್ಟಣದಲ್ಲಿ. ಸಮೀಪದ ಲಾಸ್ ಅಲಾಮೋಸಿನಲ್ಲಿ ಅಣುವಿದ್ಯೆಯನ್ನು ಬಲ್ಲ ಪಂಡಿತರು ಕೆಲವರು, ಜಾರ್ಜ್ ಕೋವನ್ ಮೊದಲಾದವರು, ೧೯೮೪ರಲ್ಲಿ ಅದನ್ನು ಆರಂಭಿಸಿದರು. ಅಲ್ಲಿ ವಿಭಾಗಗಳೆಂಬವು ಇಲ್ಲ. ಭೌತಶಾಸ್ತ್ರಜ್ಞನೂ ಅರ್ಥಶಾಸ್ತ್ರಜ್ಞನೂ ಜೀವಶಾಸ್ತ್ರಜ್ಞನೂ ಒಂದೇ ಅಂಗಳದಲ್ಲಿ ಚರ್ಚಿಸುತ್ತಾರೆ. ೧೯೮೭ರಲ್ಲಿ ಫಿಲಿಪ್ ಆಂಡರ್ಸನ್ ಎಂಬ ಭೌತವಿಜ್ಞಾನಿಯೂ ಕೆನೆತ್ ಆ್ಯರೋ ಎಂಬ ಅರ್ಥಶಾಸ್ತ್ರಜ್ಞನೂ ತಮ್ಮ ತಮ್ಮ ಬಳಗವನ್ನು ಕರೆದುಕೊಂಡು ಬಂದು ಅಲ್ಲಿ ಎದುರುಬದುರು ಕುಳಿತು, ಪೇಟೆಯೆಂಬದು ಹೇಗೆ ನಡೆಯುತ್ತದೆಂದು ವಾದಿಸಿದರು. ಇಬ್ಬರೂ ನೊಬೆಲ್ ಪಾರಿತೋಷಕವನ್ನು ಪಡೆದವರು. ಇನ್ನೊಬ್ಬರ ಶಾಸ್ತ್ರದಲ್ಲಿ ವಿದ್ಯಾರ್ಥಿಯಾಗಲಿಕ್ಕೆ ಇಬ್ಬರೂ ನಾಚಲಿಲ್ಲ. ಈ ನಾಚದಿರುವಿಕೆಯೇ ಸಾಂತಾ ಫೇಯಿಂದ ತರಬೇಕಾದ ವಸ್ತು. ಅಲ್ಲಿಯ ಗಣಿತದ ಮಾದರಿಗಳನ್ನು ಹಾಗೆಯೇ ತಂದು ಸವದತ್ತಿಯ ಎರೆಗೆ ಹಚ್ಚಿದರೆ ಪ್ರಯೋಜನವಾಗದು. ಅದಕ್ಕಿಂತಲೂ ಕೆಟ್ಟದ್ದೆಂದರೆ 'ಜಟಿಲ' ಎಂಬ ಶಬ್ದವನ್ನು ಮಾತ್ರ ತರುವದು. ಕೆಲಸಗಳ್ಳ ಅಧಿಕಾರಿಗೆ ಇಂಥ ಶಬ್ದದಷ್ಟು ಒಳ್ಳೆಯ ಕೊಡೆಯೇ ಇಲ್ಲ: ಕಾಲುವೆ ಒಡೆದದ್ದೇಕೆ ಎಂದರೆ 'ಪ್ರಶ್ನೆಯು ಜಟಿಲವಾದದ್ದು' ಎನ್ನುವನು! ಯಾವ ಗಂಟು ನಿಜವಾಗಿ ಗಂಟು, ಯಾವುದು ಬರಿಯ ಸೋಮಾರಿತನ, ಇದನ್ನು ಬೇರ್ಪಡಿಸುವದೂ ಆ ಮಂದಿರದ ಕೆಲಸವೇ.

ಹಳೆಯ ಕ್ರಮದ ಪಂಡಿತರಿಗೆ ಹೇಳುವದು ಸ್ವಲ್ಪ ಕಷ್ಟ, ಯಾಕೆಂದರೆ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದೇ ಶಾಸ್ತ್ರವನ್ನು ಓದಿದವನಿಗೆ ಆ ಶಾಸ್ತ್ರದ ನಿರ್ಣಯವೂ ದೊರೆಯದು, ವೈದ್ಯನು ಬಹುಶ್ರುತನಾಗಿರಬೇಕು ಎಂಬ ಅಭಿಪ್ರಾಯವು ಸುಶ್ರುತಸಂಹಿತೆಯಲ್ಲಿ ಇದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗ್ರಹಚಾರವೂ, ಮಳೆಯ ಲಕ್ಷಣವೂ, ಮನೆ ಗುಡಿಗಳ ನಿರ್ಮಾಣವೂ, ಮರ ಹುತ್ತಗಳನ್ನು ನೋಡಿ ಅಂತರ್ಜಲವನ್ನು ಗುರುತಿಸುವ ದಕಾರ್ಗಲವೆಂಬ ಅಧ್ಯಾಯವೂ ಒಂದೇ ಹೊತ್ತಗೆಯಲ್ಲಿ ಕೂಡಿವೆ. ಬಹುಶಾಸ್ತ್ರವೆಂಬದು ಪಶ್ಚಿಮದಿಂದ ಬಂದ ಸರಕಲ್ಲವೆನ್ನಲು ಇಷ್ಟು ಸಾಕು. ಆದರೆ ವರಾಹಮಿಹಿರನಿಗೆ ಕೊಳವೆಬಾವಿ ಗೊತ್ತಿರಲಿಲ್ಲ, ಸವದತ್ತಿಯ ಜವಳೂ ಗೊತ್ತಿರಲಿಲ್ಲ. ಅವನು ತನ್ನ ಕಾಲದ ವಿದ್ಯೆಗಳನ್ನೆಲ್ಲ ಕೂಡಿಸಿದನು. ಅವನ ಹೆಸರು ಹೇಳಿಕೊಳ್ಳುವವರು ತಮ್ಮ ಕಾಲದ ವಿದ್ಯೆಗಳ ಕಡೆಗೆ ಬೆನ್ನು ತಿರುಗಿಸಿ ಕುಳಿತಿದ್ದಾರೆ. ಪಾಠಶಾಲೆಗಳಲ್ಲಿ ವ್ಯಾಕರಣದವನು ಜ್ಯೋತಿಷದವನನ್ನೂ, ತರ್ಕದವನು ಅಲಂಕಾರದವನನ್ನೂ ಕೀಳೆಂದು ಎಣಿಸಿದ್ದ ದಿನಗಳನ್ನು ಬಲ್ಲವರು ವಿಶ್ವವಿದ್ಯಾಲಯದ ವಿಭಾಗಗಳನ್ನು ನೋಡಿ ನಗಲಿಕ್ಕಾಗದು.

ಸವದತ್ತಿಯ ಗುಡ್ಡದ ಮೇಲಿನ ಪ್ರಶ್ನೆಯೊಂದನ್ನು ಹೇಳಿದರೆ ಪಂಡಿತರಿಗೂ ಈ ವಿಷಯದ ಅಗತ್ಯವು ಮನಗಾಣಬಹುದು. ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವದನ್ನು ತಡೆಯಲು ಮುಂಬಯಿ ಸರಕಾರವು ೧೯೩೪ರಲ್ಲಿ ಒಂದು ಕಾಯಿದೆ ಮಾಡಿತು. ಕರ್ನಾಟಕ ಸರಕಾರವು ೧೯೮೨ರಲ್ಲಿ ಮತ್ತೊಂದನ್ನು ಮಾಡಿತು. ಮೊದಲಿನದು ಸಾಕಾಗಿದ್ದರೆ ಎರಡನೆಯದು ಬೇಕಾಗುತ್ತಿರಲಿಲ್ಲವೆಂಬದು ಸ್ಪಷ್ಟ. ಧರ್ಮೋಪದೇಶಕರು ಅದನ್ನು ಮೂಢಭಕ್ತಿಯೆಂದರು, ವಕೀಲರು ಅಪರಾಧವೆಂದರು, ವೈದ್ಯರು ರೋಗದ ಮೂಲವೆಂದರು. ಗಂಡುಮಕ್ಕಳಿಲ್ಲದ ಬಡಮನೆಯಲ್ಲಿ ಮಗಳನ್ನು ದೇವಿಗೆ ಬಿಟ್ಟರೆ ಅವಳು ಮಗನಂತೆ ಮನೆಯಲ್ಲಿಯೇ ಉಳಿದು, ಹೊಲಕ್ಕೂ ಮುದಿ ತಾಯಿತಂದೆಗಳಿಗೂ ಆಸರೆಯಾಗುತ್ತಿದ್ದಳು ಎಂಬ ಆಸ್ತಿಯ ಗಂಟನ್ನು ಹುಡುಕಿ ತೋರಿಸಿದವರು ಮನೆಮನೆಗೆ ಹೋಗಿ ಕೇಳಿದ ಕೆಲವರು ಸಂಶೋಧಕರು ಮಾತ್ರ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕರ್ನಾಟಕದಲ್ಲಿ ಬಂದದ್ದು ೧೯೯೪ರಲ್ಲಿ. ಹಾಗಾದರೆ ಗುಡ್ಡದ ಪ್ರಶ್ನೆಗೆ ಮದ್ದು ಅರ್ಚಕನ ಹತ್ತಿರ ಎಷ್ಟಿದೆ, ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ಎಷ್ಟಿದೆ? ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಲಕ್ಷಾಂತರ ಜನ ಸೇರುವ ಆ ಕ್ಷೇತ್ರದ ಬುಡದಲ್ಲಿ ಈ ಪ್ರಶ್ನೆಯನ್ನು ಕೂತು ಓದುವ ಒಂದು ಕೋಣೆಯೂ ಇಲ್ಲ.

ಕಡೆಗೆ ಹಣದ ಮಾತು. ಸ್ವತಂತ್ರ ಎಂಬ ವಿಶೇಷಣವನ್ನು ಯಾರೂ ಸುಲಭವಾಗಿ ಒಪ್ಪುವದಿಲ್ಲ. ಸರಕಾರದ ಅನುದಾನವಿಲ್ಲದೆ ಸಂಶೋಧನೆ ನಡೆಯದೆನ್ನುತ್ತಾರೆ. ಅನುದಾನವು ಬೇಡವೆಂದು ಇಲ್ಲಿ ಹೇಳಿಲ್ಲ. ಒಂದೇ ಕೈಯ ಅನುದಾನವು ಬೇಡ. ನೀರಾವರಿ ಇಲಾಖೆಯ ಹಣದಿಂದ ನಡೆಯುವ ಸಂಸ್ಥೆಯು ಕಾಲುವೆಯ ತಪ್ಪನ್ನು ಬರೆಯುವದೇ? ಸಕ್ಕರೆ ಕಾರಖಾನೆಗಳ ದೇಣಿಗೆಯಿಂದ ನಡೆಯುವ ಸಂಸ್ಥೆಯು ಕಬ್ಬು ಕುಡಿಯುವ ನೀರನ್ನು ಅಳೆಯುವದೇ? ಕುರುಡನು ಆನೆಯನ್ನು ಕಂಬವೆಂದರೆ ಕ್ಷಮಿಸಬಹುದು. ಕಂಬವೆನ್ನಲಿಕ್ಕೆ ಸಂಬಳ ಪಡೆಯುವವನನ್ನು ಕ್ಷಮಿಸಲಾಗದು. ಸಿ. ವಿ. ರಾಮನ್ನರು ೧೯೪೮ರಲ್ಲಿ ಬೆಂಗಳೂರಿನಲ್ಲಿ ತಮ್ಮ ಸಂಶೋಧನ ಮಂದಿರವನ್ನು ಕಟ್ಟಿದಾಗ ಸರಕಾರದ ದ್ರವ್ಯಕ್ಕೆ ಕೈಯೊಡ್ಡಲು ಒಪ್ಪಲಿಲ್ಲ. ಅವರು ತೀರಿಕೊಂಡ ಬಳಿಕವೇ ಅದು ಸರಕಾರದ ಅನುದಾನಕ್ಕೆ ಬಂದಿತು. ರಾಮನ್ನರಂಥವರಿಗೆ ಅದು ಸಾಧ್ಯ, ಬೆಳವಲದ ಬಡವರಿಗೆ ಹೇಗೆಂದರೆ, ಬೆಳವಲದ ಇತಿಹಾಸವನ್ನೇ ತೆರೆದು ನೋಡಬೇಕು. ೧೯೦೬ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೆಲ್ಲ ವಿದ್ಯೆಗಾಗಿ ಮರಣಪತ್ರದಲ್ಲಿ ಬರೆದಿಟ್ಟರು. ಆ ಶಿರಸಂಗಿಯು ಸವದತ್ತಿ ತಾಲೂಕಿನದೇ. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದವರು ಏಳು ಮಂದಿ ಶಿಕ್ಷಕರು. ಅವರಲ್ಲಿ ಸಂಸ್ಥಾನಿಕರಾರೂ ಇರಲಿಲ್ಲ. ಒಂದು ಕೊಡುಗೈ, ಏಳು ಜೋಡಿ ದುಡಿಯುವ ಕೈ, ಇಷ್ಟರಿಂದ ಈ ಜಿಲ್ಲೆಯ ಶಿಕ್ಷಣದ ಚರಿತ್ರೆಯೇ ಬದಲಾಯಿತು. ಅಂದು ಇದ್ದ ಬಡತನಕ್ಕಿಂತ ಇಂದಿನ ಬಡತನವು ಹೆಚ್ಚಿನದೆಂದು ಯಾರು ಹೇಳಿಯಾರು? ಅಕ್ಟೋಬರದಲ್ಲಿ ಕಿತ್ತೂರಿನ ಉತ್ಸವಕ್ಕೆ ದೀಪ ಹಚ್ಚುವದು ಯೋಗ್ಯವೇ. ೧೮೨೪ರಲ್ಲಿ ಚೆನ್ನಮ್ಮ ರಾಣಿಯು ಮಾಡಿದ ಕಾಳಗವು, ಕಿತ್ತೂರಿನ ದತ್ತಕದ ನಿರ್ಣಯವನ್ನು ಧಾರವಾಡದ ಕಲೆಕ್ಟರ ಥ್ಯಾಕರೆಯು ಮಾಡತಕ್ಕದ್ದಲ್ಲವೆಂಬ ಹಟಕ್ಕಾಗಿಯೇ ಆದದ್ದು. ಆ ಹಟವನ್ನು ಕೊಂಡಾಡುವವರು, ತಮ್ಮ ಹೊಳೆಯ ನಿರ್ಣಯವನ್ನು ಮಾತ್ರ ಬೇರೆ ಊರಿನ ಕಚೇರಿಗಳಿಗೆ ಬಿಟ್ಟುಕೊಟ್ಟು ನಿಶ್ಚಿಂತರಾಗಿದ್ದಾರೆ.

ಮಂದಿರಕ್ಕೆ ಅರಮನೆಯಂಥ ಕಟ್ಟಡವು ಮೊದಲ ದಿನವೇ ಬೇಡ. ಮುನವಳ್ಳಿಯ ಆಸುಪಾಸಿನಲ್ಲಿ, ಹೊಳೆ ಕಾಣುವಲ್ಲಿ, ನಾಲ್ಕಾರು ಕೋಣೆಗಳು ಸಾಕು: ಒಂದರಲ್ಲಿ ಮಣ್ಣು ನೀರುಗಳ ಪರೀಕ್ಷೆ, ಒಂದರಲ್ಲಿ ಹಳೆಯ ಕಂದಾಯದ ಲೆಕ್ಕಗಳೂ ನ್ಯಾಯಾಧಿಕರಣದ ಕಾಗದಗಳೂ, ಒಂದರಲ್ಲಿ ಒಕ್ಕಲಿಗರೂ ನೇಕಾರರೂ ಬಂದು ಕೂತು ವಿದ್ವಾಂಸರನ್ನು ಪ್ರಶ್ನಿಸತಕ್ಕ ಜಗಲಿ. ಬರೆದದ್ದೆಲ್ಲ ಮೊದಲು ಕನ್ನಡದಲ್ಲಿ ಅಚ್ಚಾಗಬೇಕು. ಇಂಗ್ಲಿಷಿಗೆ ಆಮೇಲೆ ಹೋಗಬಹುದು. ವಿದ್ವಾಂಸರನ್ನು ಧಾರವಾಡ ಬೆಂಗಳೂರುಗಳಿಂದ ಎರವಲು ತರಬಹುದು, ಆದರೆ ಒಂದು ವರುಷದ ಆರೂ ಋತುಗಳನ್ನು ಇಲ್ಲಿ ಕಳೆಯದವನಿಗೆ ಲೇಖನಿಯನ್ನು ಕೊಡಕೂಡದು.

ಅಷ್ಟೂ ಆಗುವ ಮೊದಲೇ ಆರಂಭಿಸಬಹುದಾದ ಕೆಲಸವೊಂದಿದೆ. ನಾಲ್ಕು ತಾಲೂಕುಗಳ ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನದ ಶಿಕ್ಷಕರಿದ್ದಾರೆ, ಪ್ರತಿ ಊರಲ್ಲಿಯೂ ಒಂದೆರಡು ತೆರೆದ ಬಾವಿಗಳು ಉಳಿದಿವೆ. ಹಗ್ಗಕ್ಕೆ ಗಂಟು ಹಾಕಿ ನೀರಿನ ಆಳವನ್ನು ತಿಂಗಳಿಗೊಮ್ಮೆ ಅಳೆದು, ಸುತ್ತಲಿನ ಹೊಲದಲ್ಲಿ ಯಾವ ಪೀಕು, ಎಲ್ಲಿಯವರೆಗೆ ಸವಳು, ಆ ತಿಂಗಳು ಎಷ್ಟು ಮನೆಗಳಿಗೆ ಬೀಗ ಬಿದ್ದು ಜನ ಕೂಲಿಗೆ ಹೋದರು, ಇದಿಷ್ಟನ್ನು ಮಕ್ಕಳ ಕೈಯಿಂದ ಒಂದು ವಹಿಯಲ್ಲಿ ಬರೆಸಿಡುವದಕ್ಕೆ ಯಾವ ಅನುದಾನವೂ ಬೇಡ, ಯಾರ ಅಪ್ಪಣೆಯೂ ಬೇಡ. ಕಣಕುಂಬಿಯಲ್ಲಿ ಮುಂಗಾರಿಯ ಮೊದಲ ಮಳೆ ಬೀಳುವದಕ್ಕೆ ಮುಂಚೆ ಆ ವಹಿಯ ಮೊದಲ ಪುಟವು ತುಂಬಿರಬೇಕು.